ಅನ್‌ಇನ್‌ಸ್ಟಾಲ್ ಮಾಡಿದರೂ ಉಳಿಯುವುದು ಏನು?

ಡೆಸ್ಕ್‌ಟಾಪ್ ಮೇಲಿನ ಐಕಾನ್ ಡಿಲೀಟ್ ಮಾಡಿದರೆ ಸಾಫ್ಟ್‌ವೇರ್ ಹೋಯಿತು ಅಂದುಕೊಂಡವರು ಇನ್ನೂ ಬಹಳ ಜನ ಇದ್ದಾರೆ. ಹೋಗುವುದಿಲ್ಲ. ಐಕಾನ್ ಬರೀ ಶಾರ್ಟ್‌ಕಟ್. ಅಸಲು ಪ್ರೋಗ್ರಾಮ್ ಸಿ ಡ್ರೈವ್‌ನಲ್ಲಿ ಹಾಗೇ ಕೂತಿರುತ್ತದೆ.

ಸರಿ, ಸೆಟ್ಟಿಂಗ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಒತ್ತಿದರೆ? ಆಗಲೂ ಸಾಮಾನ್ಯವಾಗಿ ವಿಂಡೋಸ್ ತಾನೇ ಹುಡುಕಿ ಅಳಿಸುವುದಿಲ್ಲ. 'ಇದನ್ನು ತೆಗೆಯಬೇಕಾದರೆ ಈ ಪ್ರೋಗ್ರಾಮ್ ಓಡಿಸು' ಎಂಬ ಒಂದು ಸಾಲು ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ, ಅಂದರೆ ಅದು ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಪಟ್ಟಿಯಲ್ಲಿ, ಇರುತ್ತದೆ. ವಿಂಡೋಸ್ ಅದನ್ನು ಓಡಿಸುತ್ತದೆ, ಅಷ್ಟೇ. ಆ ಅಳಿಸುವ ಪ್ರೋಗ್ರಾಮ್ ಬರೆದವರು ಯಾರು? ಸಾಫ್ಟ್‌ವೇರ್ ಮಾಡಿದವರೇ. ಮುಂಬೈಯಲ್ಲಿ ಮನೆ ಬಾಡಿಗೆಗೆ ಕೊಟ್ಟವರಿಗೆ ಇದು ಬೇಗ ಅರ್ಥವಾದೀತು. ನೀವು ಹೊರಡು ಅನ್ನಬಹುದು, ಆದರೆ ಸಾಮಾನು ಕಟ್ಟುವವನು ಬಾಡಿಗೆದಾರನೇ. ಒಳ್ಳೆಯವನಾದರೆ ಮನೆ ಗುಡಿಸಿ ಹೋಗುತ್ತಾನೆ.

ಹಾಗೆ ಹೋಗದವರ ಕಥೆ 2005ರಲ್ಲಿ ಬಯಲಾಯಿತು. ಸೋನಿ ಬಿಎಂಜಿ ತನ್ನ ಕೆಲವು ಹಾಡಿನ ಸಿಡಿಗಳಲ್ಲಿ ನಕಲು ತಡೆಯುವ ಸಾಫ್ಟ್‌ವೇರ್ ಇಟ್ಟಿತ್ತು. ಸಿಡಿ ಹಾಕಿ ಕೇಳಲು ಹೋದರೆ ಅದು ಕಂಪ್ಯೂಟರ್‌ಗೆ ಇಳಿದು, ತನ್ನ ಫೈಲ್‌ಗಳು ಯಾರ ಕಣ್ಣಿಗೂ ಬೀಳದಂತೆ ಮರೆಮಾಡುತ್ತಿತ್ತು. ಮಾರ್ಕ್ ರುಸಿನೋವಿಚ್ ಎಂಬ ತಜ್ಞ ತನ್ನದೇ ಕಂಪ್ಯೂಟರ್‌ನಲ್ಲಿ ಅದನ್ನು ಹಿಡಿದ. ಕೈಯಾರೆ ಕಿತ್ತರೆ ಸಿಡಿ ಡ್ರೈವ್ ಕೆಲಸ ಮಾಡುವುದನ್ನೇ ನಿಲ್ಲಿಸಿತು. ಗಲಾಟೆಯಾದ ಮೇಲೆ ಕಂಪನಿ ಅದನ್ನು ತೆಗೆಯಲು ಬೇರೆ ಟೂಲ್ ಕೊಟ್ಟಿತು. ಅದು ಇನ್ನೂ ಕೆಟ್ಟದ್ದು. ಅದು ಬಿಟ್ಟುಹೋದ ಒಂದು ತುಣುಕಿನಿಂದಾಗಿ ಯಾವ ವೆಬ್‌ಸೈಟ್ ಬೇಕಾದರೂ ನಿಮ್ಮ ಕಂಪ್ಯೂಟರ್‌ನಲ್ಲಿ ಪ್ರೋಗ್ರಾಮ್ ಓಡಿಸಬಹುದಿತ್ತು! ದುಡ್ಡು ಕೊಟ್ಟು ಹಾಡು ಕೊಂಡವರಿಗೆ ಮಾಡಿದ ಅನ್ಯಾಯ ಇದು.

2015ರಲ್ಲಿ ಬಯಲಾದ ಸೂಪರ್‌ಫಿಶ್ ಕೂಡ ಇದೇ ಜಾತಿ. ಲೆನೊವೊದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ತುಂಬಿಸಿದ್ದ ಜಾಹೀರಾತು ಸಾಫ್ಟ್‌ವೇರ್ ಅದು. ಬೀಗದ ಗುರುತಿರುವ ಸೈಟ್‌ಗಳಲ್ಲೂ ಇಣುಕಲು ವಿಂಡೋಸ್‌ಗೆ ತನ್ನದೊಂದು ಸರ್ಟಿಫಿಕೇಟ್, ಅಂದರೆ 'ಈ ಸೈಟ್ ಅಸಲಿ' ಎಂದು ಕಂಪ್ಯೂಟರ್ ನಂಬುವ ಗುರುತುಪತ್ರ, ಸೇರಿಸಿತ್ತು. ಸಾಫ್ಟ್‌ವೇರ್ ಅನ್‌ಇನ್‌ಸ್ಟಾಲ್ ಮಾಡಿದರೂ ಸರ್ಟಿಫಿಕೇಟ್ ಮಾತ್ರ ಅಲ್ಲೇ ಉಳಿಯುತ್ತಿತ್ತು.

ನಮ್ಮ ಮನೆಗಳಲ್ಲಿ ಕಾಟ ಕೊಡುವುದು ಇಷ್ಟು ದೊಡ್ಡ ಕಳ್ಳರಲ್ಲ. ಡೊಂಬಿವಲಿಯ ದೊಡ್ಡಮ್ಮನ ಕಂಪ್ಯೂಟರ್‌ನಲ್ಲಿ ಮೂಲೆಯಿಂದ 'ವೈರಸ್ ಬಂದಿದೆ, ಈಗಲೇ ಕ್ಲೀನ್ ಮಾಡಿ' ಎಂಬ ಕೆಂಪು ಚೌಕ ಏಳುತ್ತಲೇ ಇತ್ತು. "ಅದ್ಯಾವುದೋ ಕ್ಲೀನರ್ ತೆಗೆದು ಹಾಕಿದ್ದಾಯ್ತು, ಆದ್ರೂ ಬರ್ತಾನೇ ಇದೆಯಲ್ಲೋ. ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸಿಬಿಡ್ಲಾ?" ಅಂದರು. ಮಾಡಿಸಿದ್ದರೆ ಮೊಮ್ಮಗಳ ಫೋಟೋಗಳೂ ಸುಮ್ನೆ ಹೋಗುತ್ತಿದ್ದವು.

ಆ ಚೌಕವನ್ನು ಹತ್ತಿರದಿಂದ ನೋಡಿದರೆ ಗುಟ್ಟು ಅಲ್ಲೇ ಇತ್ತು. ಸಣ್ಣ ಅಕ್ಷರದಲ್ಲಿ ಬ್ರೌಸರ್‌ನ ಹೆಸರು, ಪಕ್ಕದಲ್ಲಿ ಯಾವುದೋ ವೆಬ್‌ಸೈಟ್ ವಿಳಾಸ. ಅದು ವೈರಸ್ಸೂ ಅಲ್ಲ, ಸಾಫ್ಟ್‌ವೇರೂ ಅಲ್ಲ. ಎಂದೋ ಒಂದು ಪುಟದಲ್ಲಿ ಕಣ್ತಪ್ಪಿ 'ಅಲೋ' ಒತ್ತಿದ್ದಕ್ಕೆ ಆ ಸೈಟ್‌ಗೆ ಸಿಕ್ಕ ನೋಟಿಫಿಕೇಶನ್ ಅನುಮತಿ. ಕ್ಲೀನರ್ ತೆಗೆದರೆ ಅನುಮತಿ ಹೇಗೆ ಹೋದೀತು? ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಪಟ್ಟಿ ತೆರೆದು ಆ ಸೈಟನ್ನು ತೆಗೆದ ಮೇಲೆ ಚೌಕ ಬರಲಿಲ್ಲ. ಜಾಹೀರಾತು ಜಾಸ್ತಿಯಾದರೆ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರ್‌ಗೆ ಅಂಟಿಕೊಳ್ಳುವ ಪುಟ್ಟ ಪ್ರೋಗ್ರಾಮ್‌ಗಳ ಪಟ್ಟಿಯನ್ನೂ ಒಮ್ಮೆ ನೋಡಿ.

ಇನ್ನುಳಿದ ಚೂರುಗಳು ಅಡಗುವ ಜಾಗ ಕೆಲವೇ: ಸ್ಟಾರ್ಟ್‌ಅಪ್ (ಕಂಪ್ಯೂಟರ್ ಶುರುವಾದಾಗ ತಾನೇ ಓಡುವವು), ಸರ್ವೀಸ್‌ಗಳು (ತೆರೆಮರೆಯಲ್ಲಿ ಓಡುವವು), ಟಾಸ್ಕ್ ಶೆಡ್ಯೂಲರ್ (ಗೊತ್ತುಮಾಡಿದ ಹೊತ್ತಿಗೆ ಕೆಲಸ ಓಡಿಸುವುದು). ಶೆಡ್ಯೂಲರ್ ಮೇಲೆ ನನಗೆ ಜಾಸ್ತಿ ಅನುಮಾನ, ಏಕೆಂದರೆ ತೆಗೆದುಹಾಕಿದ್ದನ್ನು ಮತ್ತೆ ಇಳಿಸಿಕೊಳ್ಳುವ ಕೆಲಸವನ್ನು ಅಲ್ಲೇ ಬರೆದಿಡಬಹುದು. ಇವೆಲ್ಲವನ್ನೂ ಒಂದೇ ಕಡೆ ತೋರಿಸುವ ಆಟೋರನ್ಸ್ ಎಂಬ ಟೂಲ್ ಇದೆ. ಅದೇ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ ಸಿಸ್‌ಇಂಟರ್ನಲ್ಸ್‌ನದು. 2006ರಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನೇ ಕೊಂಡಿತು, ಆ ಟೂಲನ್ನು ಈಗಲೂ ಪುಕ್ಕಟೆ ಕೊಡುತ್ತದೆ. ಅದರಲ್ಲಿ ಹಳದಿ ಬಣ್ಣದ ಸಾಲು ಕಂಡರೆ, ಹೆಸರು ಉಳಿದಿದೆ, ಆದರೆ ಅದು ತೋರಿಸುವ ಫೈಲ್ ಸಿಗುತ್ತಿಲ್ಲ ಎಂದರ್ಥ. ಮೈಕ್ರೋಸಾಫ್ಟ್‌ನದೇ ಸಾಲುಗಳನ್ನು ಮರೆಮಾಡುವ ಆಯ್ಕೆ ಮೊದಲು ಹಾಕಿಕೊಳ್ಳಿ, ಪಟ್ಟಿ ಚಿಕ್ಕದಾಗುತ್ತದೆ. ಅನುಮಾನ ಬಂದದ್ದನ್ನು ಡಿಲೀಟ್ ಮಾಡಬೇಡಿ. ಟಿಕ್ ಮಾತ್ರ ತೆಗೆದು ರೀಸ್ಟಾರ್ಟ್ ಮಾಡಿ. ಪ್ರಿಂಟರ್ರೋ ಮತ್ತೊಂದೋ ಕೈಕೊಟ್ಟರೆ ಅದೇ ಟಿಕ್ ಮತ್ತೆ ಹಾಕಿದರಾಯಿತು.