ಜಿನ್ ಜುನ್ ಮೇ: ಕುದಿಸಬೇಡಿ, ಹಾಲೂ ಹಾಕಬೇಡಿ

ನಾವು ದಿನಾ ಕುಡಿಯೋ ಟೀ ಪುಡಿ, ಚೀನಾದವರು ಕೆಂಪು ಟೀ ಅಂತ ಕರೆಯೋದು, ಎರಡೂ ಒಂದೇ ಜಾತಿಯ ಗಿಡದ್ದು, ಎಲೆಯೊಳಗೆ ನಡೆಯೋ ರಸಾಯನ ಕ್ರಿಯೆನೂ ಹೆಚ್ಚುಕಮ್ಮಿ ಒಂದೇ. ಆದ್ರೂ ಫುಜಿಯಾನ್ ಪ್ರಾಂತ್ಯದ ವೂಯಿ ಬೆಟ್ಟಗಳಲ್ಲಿ ಮಾಡೋ ಜಿನ್ ಜುನ್ ಮೇ ಅನ್ನೋ ಟೀನ ಮೊದಲ ಸಲ ಕುಡಿದವರಿಗೆ ಇದು ನಿಜವಾಗ್ಲೂ ಟೀನಾ ಅನ್ಸತ್ತೆ. ಜೇನುತುಪ್ಪ, ಸುಟ್ಟ ಗೆಣಸು, ಸ್ವಲ್ಪ ಹೂವಿನ ವಾಸನೆ, ಒಗರು ಅನ್ನೋದು ತುಂಬಾ ಕಮ್ಮಿ, ಸಕ್ಕರೆ ಹಾಕದೇನೇ ಗಂಟಲಲ್ಲಿ ಒಂದು ಸಿಹಿ ಉಳಿಯತ್ತೆ. ಈ ರುಚಿಯೆಲ್ಲ ಬಿಸಿನೀರು ಬೀಳೋ ಮುಂಚೆನೇ ಎಲೆಯಲ್ಲಿ ತಯಾರಾಗಿ ಕೂತಿರತ್ತೆ, ನಾವು ಮಾಡಬೇಕಾಗಿರೋದು ಅದನ್ನ ಕೆಡಿಸದೆ ಹೊರಗೆ ತರೋದು ಅಷ್ಟೆ.

ವೂಯಿ ಬೆಟ್ಟಗಳು 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅಲ್ಲಿನ ರಕ್ಷಿತ ಕಾಡಿನೊಳಗೆ ತೋಂಗ್‌ಮು ಅಂತ ಒಂದು ಹಳ್ಳಿ ಇದೆ, ಪ್ರಪಂಚದ ಮೊದಲ ಕೆಂಪು ಟೀ ಹುಟ್ಟಿದ್ದೇ ಇಲ್ಲಿ ಅಂತ ಹೇಳ್ತಾರೆ. ಪೈನ್ ಸೌದೆ ಹೊಗೆಯಲ್ಲಿ ಒಣಗಿಸಿದ ಆ ಟೀ ಲ್ಯಾಪ್ಸಾಂಗ್ ಸೂಚಾಂಗ್ ಅನ್ನೋ ಹೆಸರಲ್ಲಿ ಯುರೋಪಿನವರಿಗೆ ಹುಚ್ಚು ಹಿಡಿಸ್ತು. ಜಿನ್ ಜುನ್ ಮೇ ಅದೇ ಹಳ್ಳೀದು, ಆದ್ರೆ ತೀರಾ ಇತ್ತೀಚಿನದು, 2005ರಲ್ಲಿ ಅಲ್ಲಿನ ಟೀ ಮಾಡೋರು ಹೊಗೆ ಬಿಟ್ಟು, ದೊಡ್ಡ ಎಲೆ ಬಿಟ್ಟು, ವಸಂತದಲ್ಲಿ ಬರೋ ಇನ್ನೂ ಬಿಚ್ಚಿಕೊಳ್ಳದ ಕುಡಿ ಮಾತ್ರ ಕಿತ್ತು ಮಾಡಿ ನೋಡಿದ್ರು. ಅರ್ಧ ಕೆಜಿ ಟೀಗೆ 50 ಸಾವಿರದ ಆಸುಪಾಸು ಕುಡಿ ಬೇಕು, ಒಂದೊಂದನ್ನೂ ಕೈಯಲ್ಲೇ ಕೀಳಬೇಕು. ರೇಟ್ ಕೇಳಿ ತಲೆ ತಿರುಗೋದು ಯಾಕೆ ಅಂತ ಇಲ್ಲೇ ಗೊತ್ತಾಗತ್ತೆ.

ಬರೀ ಕುಡಿನೇ ಯಾಕೆ ಬೇಕು? ಟೀ ಗಿಡ ಥಿಯಾನಿನ್ ಅನ್ನೋ ಅಮೈನೋ ಆಮ್ಲವನ್ನ ಹೆಚ್ಚಾಗಿ ಬೇರಲ್ಲೇ ತಯಾರಿಸತ್ತೆ, ಚಳಿಗಾಲ ಪೂರ್ತಿ ಗಿಡ ಸುಮ್ನಿದ್ದು ವಸಂತ ಬಂದಾಗ ಅದು ಮೇಲೆ ಹತ್ತಿ ಹೊಸ ಚಿಗುರಿಗೆ ಹೋಗತ್ತೆ. ನಾಲಿಗೆಗೆ ಸಿಗೋ ಆ ಮೆತ್ತನೆ ಸಿಹಿಗೆ ಇದು ಮುಖ್ಯ ಕಾರಣಗಳಲ್ಲಿ ಒಂದು. ಬಿಸಿಲು ಜಾಸ್ತಿ ಬಿದ್ರೆ ಥಿಯಾನಿನ್ ಒಡೆದು ಒಗರಿನ ಕ್ಯಾಟೆಚಿನ್ ತಯಾರಾಗೋದಕ್ಕೆ ಖರ್ಚಾಗತ್ತೆ, ಹಾಗಾಗಿ ಮಂಜು ಕವಿದ, ಮರದ ನೆರಳಿರೋ ಬೆಟ್ಟದ ಟೀಗೆ ಒಗರು ಕಮ್ಮಿ. ಹಾಗಂತ ಇದು ಸಾಧು ಟೀ ಅಂದ್ಕೋಬೇಡಿ, ಹುಳಹುಪ್ಪಟೆಯಿಂದ ಎಳೆ ಚಿಗುರನ್ನ ಕಾಪಾಡೋಕೆ ಗಿಡ ಕೆಫೀನ್ ತುಂಬಿಸಿಡೋದೂ ಅಲ್ಲೇ, ಬಲಿತ ಎಲೆಗಿಂತ ಕುಡಿಯಲ್ಲಿ ಕೆಫೀನ್ ಜಾಸ್ತಿ. ರಾತ್ರಿ ಊಟ ಆದ್ಮೇಲೆ ಕುಡಿದ್ರೆ ನಿದ್ದೆ ಬರದೇ ಒದ್ದಾಡಬೇಕಾಗತ್ತೆ.

ಇನ್ನು ಮಾಡೋ ರೀತಿ, ನನಗಂತೂ ತುಂಬಾ ಇಷ್ಟವಾದ ಭಾಗ ಇದು. ಕಿತ್ತ ಕುಡಿಗಳನ್ನ ಮೊದಲು ಬಾಡಿಸ್ತಾರೆ, ನೀರು ಹೋಗಿ ಮೆತ್ತಗಾಗತ್ತೆ, ಆಮೇಲೆ ಉಜ್ಜಿ ಹೊಸೀತಾರೆ. ಜೀವಕೋಶದೊಳಗೆ ಕ್ಯಾಟೆಚಿನ್ ಒಂದು ಕಡೆ, ಪಾಲಿಫಿನಾಲ್ ಆಕ್ಸಿಡೇಸ್ ಅನ್ನೋ ಕಿಣ್ವ ಇನ್ನೊಂದು ಕಡೆ ಇರತ್ತೆ, ಹೊಸೆದಾಗ ಗೋಡೆ ಒಡೆದು ಎರಡೂ ಕಲೆತು ಗಾಳಿ ತಾಗತ್ತೆ. ಬದನೆಕಾಯಿ ಹೆಚ್ಚಿ ನೀರಿಗೆ ಹಾಕದೆ ಬಿಟ್ರೆ ಕಪ್ಪಾಗತ್ತಲ್ಲ, ಅದೇ ಕೆಲಸ. ಇಲ್ಲಿ ಅದನ್ನ ಬೇಕು ಅಂತಲೇ ಬಿದಿರ ಬುಟ್ಟಿಯಲ್ಲಿ ತುಂಬಿ ಒದ್ದೆ ಬಟ್ಟೆ ಮುಚ್ಚಿ ಗಂಟೆಗಟ್ಟಲೆ ಬಿಡ್ತಾರೆ. ಎರಡೆರಡು ಕ್ಯಾಟೆಚಿನ್ ಜೋಡಿಯಾಗಿ ಹೊಂಬಣ್ಣದ ಥಿಯಾಫ್ಲೇವಿನ್ ಆಗತ್ತೆ, ಅದು ಇನ್ನೂ ಮುಂದುವರಿದ್ರೆ ಕೆಂಪುಕಂದು ಥಿಯಾರುಬಿಜಿನ್, ಬಿಳಿ ಕಪ್ಪಿಗೆ ಬಗ್ಗಿಸಿದಾಗ ಅಂಚಲ್ಲಿ ಬಂಗಾರದ ಉಂಗುರದ ಥರ ಹೊಳೆಯೋದು ಥಿಯಾಫ್ಲೇವಿನ್ ಚೆನ್ನಾಗಿದೆ ಅನ್ನೋದರ ಗುರುತು. ಕುಡಿಯ ಮೇಲಿರೋ ಸಣ್ಣ ರೋಮಗಳಿಗೆ ಈ ರಸ ಅಂಟಿ ಒಣಗಿದಾಗ ಅವೂ ಚಿನ್ನದ ಬಣ್ಣಕ್ಕೆ ತಿರುಗತ್ತವೆ. ಪರಿಮಳದ್ದೂ ಇದೇ ಕಥೆ, ಜೆರಾನಿಯಾಲ್, ಲಿನಲೂಲ್ ಅನ್ನೋ ಸುವಾಸನೆ ವಸ್ತುಗಳು ಹಸಿ ಎಲೆಯಲ್ಲಿ ಸಕ್ಕರೆಗೆ ಕಟ್ಟಿಹಾಕಿಕೊಂಡು ವಾಸನೆನೇ ಬರದ ಹಾಗಿರತ್ತವೆ, ಬಾಡಿಸಿ ಹೊಸೆಯುವಾಗ ಬೇರೆ ಕಿಣ್ವಗಳು ಆ ಕಟ್ಟು ಬಿಚ್ಚತ್ತವೆ. ಆನ್‌ಹುಯಿ ಪ್ರಾಂತ್ಯದ ಕೀಮನ್ ಟೀಯ ಗುಲಾಬಿಯಂಥ ವಾಸನೆಗೂ ಜೆರಾನಿಯಾಲೇ ಕಾರಣ.

ಈಗ ಟೀ ಮಾಡೋಣ. ಚೀನಾದವರು ಗೈವಾನ್ ಅನ್ನೋ ಮುಚ್ಚಳದ ಬಟ್ಟಲು ಬಳಸ್ತಾರೆ, ಇಲ್ಲ ಅಂದ್ರೆ 100-120 ಎಂಎಲ್ ಹಿಡಿಯೋ ಯಾವುದೇ ಪಿಂಗಾಣಿ ಕಪ್ಪು, ಮೇಲೆ ಮುಚ್ಚೋಕೆ ಒಂದು ಸಾಸರ್, ಸೋಸೋಕೆ ಸಣ್ಣ ಜರಡಿ ಸಾಕು. ಟೀ 3-4 ಗ್ರಾಂ. ನೀರು 90 ಡಿಗ್ರಿ ಆಸುಪಾಸು ಇರಲಿ, ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿರೋದ್ರಿಂದ ನೀರು 97 ಡಿಗ್ರಿಗೇ ಕುದಿಯತ್ತೆ, ಕೆಟಲ್ ಆಫ್ ಆದ್ಮೇಲೆ ಒಂದೆರಡು ನಿಮಿಷ ಬಿಟ್ರೆ ಆಯ್ತು, ಮಂಗಳೂರಲ್ಲಾದ್ರೆ ಇನ್ನೊಂಚೂರು ಕಾಯಿರಿ. ಬಿಸಿ ಹೆಚ್ಚಾದಷ್ಟೂ, ನೆನೆಸಿದಷ್ಟೂ ಕೆಫೀನ್ ಮತ್ತು ಒಗರು ಜಾಸ್ತಿ ಇಳಿಯತ್ತೆ. ಕುಡಿಗಳ ಮೇಲೆ ಧಾರೆ ಸುರೀಬೇಡಿ, ಅಂಚಿಂದ ಮೆಲ್ಲಗೆ ಬಗ್ಗಿಸಿ, ಇಲ್ಲಾಂದ್ರೆ ರೋಮ ಉದುರಿ ಮಬ್ಬಾಗತ್ತೆ. ಮೊದಲ ಸಲ 10 ಸೆಕೆಂಡ್ ಸಾಕು, ಪೂರ್ತಿ ಸೋಸಿಬಿಡಿ, ಹನಿ ನೀರೂ ಉಳಿಸಬೇಡಿ. ಎರಡನೇ ಸಲವೂ ಅಷ್ಟೇ, ಆಮೇಲೆ ಸಲಸಲಕ್ಕೂ ಸ್ವಲ್ಪ ಹೆಚ್ಚಿಸ್ತಾ ಹೋಗಿ, ಒಳ್ಳೇ ಟೀ ಆದ್ರೆ ಏಳೆಂಟು ಸಲ ಬರತ್ತೆ, ಒಂದೊಂದು ಸಲಕ್ಕೂ ರುಚಿ ಬೇರೆ. ನನಗೆ ಎಲ್ಲಕ್ಕಿಂತ ಇಷ್ಟ ಮೂರನೇದು. ಮೊದಲ ನೀರನ್ನ ತೊಳೆದು ಚೆಲ್ಲೋರಿದ್ದಾರೆ, ಇಷ್ಟು ಎಳೆ ಕುಡಿಗೆ ಅದು ಬೇಕಿಲ್ಲ, ಸುಮ್ನೆ ವೇಸ್ಟ್.

ಹಾಲು ಯಾಕೆ ಬೇಡ ಅಂದ್ರೆ ಹಾಲಿನ ಕೇಸೀನ್ ಅನ್ನೋ ಪ್ರೋಟೀನ್ ಪಾಲಿಫಿನಾಲ್‌ಗಳನ್ನ, ಅಂದ್ರೆ ಕ್ಯಾಟೆಚಿನ್, ಥಿಯಾಫ್ಲೇವಿನ್ ಥರದ ವಸ್ತುಗಳನ್ನ, ಹಿಡಿದುಕೊಳ್ಳತ್ತೆ. ಯಂತ್ರದಲ್ಲಿ ನುರಿದು ಸಣ್ಣ ಹರಳು ಮಾಡಿದ ನಮ್ಮ ಸಿಟಿಸಿ ಟೀ ಪುಡಿ ಖಡಕ್ಕು, ಒಗರು ತುಂಬಿರತ್ತೆ, ಹಾಲು ಶುಂಠಿ ಏಲಕ್ಕಿ ಸೇರಿದ್ರೇನೇ ಅದಕ್ಕೆ ಸೊಗಸು. ಆದ್ರೆ ಇಲ್ಲಿ ಹಾಲು ಹಾಕಿದ್ರೆ ದುಡ್ಡು ಕೊಟ್ಟು ತಂದ ಪರಿಮಳನೇ ಮುಚ್ಚಿಹೋಗತ್ತೆ. ನೀರೂ ಅಷ್ಟೇ ಮುಖ್ಯ. ಬೋರ್‌ವೆಲ್ ನೀರಲ್ಲಿ ಟೀ ಮಾಡಿದಾಗ ಮೇಲೆ ತೆಳು ಕೆನೆಯಂಥ ಪೊರೆ ಕಟ್ಟೋದು ನೋಡಿರ್ತೀರಿ, ಗಡಸು ನೀರಿನ ಕ್ಯಾಲ್ಸಿಯಂ, ಬೈಕಾರ್ಬನೇಟ್ ಸೇರಿ ಪಾಲಿಫಿನಾಲ್‌ಗಳು ಗಾಳಿಗೆ ಆಕ್ಸಿಡೈಸ್ ಆಗಿ ಕಟ್ಟೋ ಪೊರೆ ಅದು, ಬಣ್ಣನೂ ಮಂಕಾಗತ್ತೆ. ಫಿಲ್ಟರ್ ನೀರು ಬಳಸಿ. ಆರಿದ ಟೀ ಮಬ್ಬಾದ್ರೆ ಮಾತ್ರ ಗಾಬರಿ ಬೇಡ, ಕೆಫೀನ್ ಮತ್ತು ಥಿಯಾಫ್ಲೇವಿನ್ ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಳ್ಳತ್ತವೆ, ಬಿಸಿ ಮಾಡಿದ್ರೆ ಮತ್ತೆ ತಿಳಿಯಾಗತ್ತೆ.

ಕೊಳ್ಳುವಾಗ ಹುಷಾರಾಗಿರಿ. ಜಿನ್ ಜುನ್ ಮೇ ಅನ್ನೋದು ಸಾಮಾನ್ಯ ಹೆಸರು, ಒಬ್ಬರದ್ದೇ ಟ್ರೇಡ್‌ಮಾರ್ಕ್ ಅಲ್ಲ ಅಂತ ಬೀಜಿಂಗ್ ಹೈಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿದೆ, ಹಾಗಾಗಿ ಪ್ಯಾಕೆಟ್ ಮೇಲಿನ ಹೆಸರಿಂದ ಯಾವ ಊರಿನ ಎಲೆ ಅಂತ ಗೊತ್ತಾಗಲ್ಲ. ತೋಂಗ್‌ಮು ಕುಡಿ ಸಣ್ಣದು, ಕಪ್ಪು, ಕಂದು, ಚಿನ್ನದ ಬಣ್ಣ ಬೆರೆತಿರತ್ತೆ, ದಪ್ಪ ಕುಡಿಯಾಗಿದ್ದು ಪೂರ್ತಿ ಬಂಗಾರದ ಥರ ಹೊಳೀತಿದ್ರೆ ಅದು ಹೆಚ್ಚಾಗಿ ಚೀನಾದ್ದೇ ಯುನ್ನಾನ್ ಪ್ರಾಂತ್ಯದ ದೊಡ್ಡೆಲೆ ಗಿಡದ್ದು. ಅದೇನು ಕೆಟ್ಟ ಟೀ ಅಲ್ಲ, ನಮ್ಮ ಅಸ್ಸಾಂ ಗಿಡದ ಬಳಗದ್ದೇ, ದಿಯಾನ್‌ಹೋಂಗ್ ಅಂತ ಅದರ ಸ್ವಂತ ಹೆಸರಲ್ಲೇ ಕಮ್ಮಿ ರೇಟಿಗೆ ಸಿಗತ್ತೆ, ಶುರು ಮಾಡೋಕೆ ನಾನು ಅದನ್ನೇ ಹೇಳ್ತೀನಿ. ಮೊದಲು 5 ಗ್ರಾಂ ಸ್ಯಾಂಪಲ್ ತರಿಸಿ, ಇಷ್ಟ ಆದ್ರೆ ಮಾತ್ರ ಮುಂದಿನದು. ತಂದಿದ್ದನ್ನ ಗಾಳಿ, ಬೆಳಕು, ತೇವ ತಾಗದ ಡಬ್ಬಿಯಲ್ಲಿ ಇಡಿ, ಸಾಂಬಾರು ಪುಡಿ ಇರೋ ಕಪಾಟಲ್ಲಿ ಮಾತ್ರ ಬೇಡ, ಒಣ ಟೀ ಎಲೆ ಅಕ್ಕಪಕ್ಕದ ವಾಸನೆನೆಲ್ಲ ಎಳ್ಕೊಂಡುಬಿಡತ್ತೆ.