‘ಚಿತ್ರ ಸರಿಯಿಲ್ಲ ಮೇಡಂ’

1957ರಿಂದ ಮಲೆನಾಡನ್ನು ಕಾಡುತ್ತಿರುವ ಮಂಗನ ಕಾಯಿಲೆಯ ಕರಪತ್ರ ಕೊಟ್ಟರೆ ತೀರ್ಥಹಳ್ಳಿ, ಹೊಸನಗರ ಕಡೆಯ ಜನ ಅಲ್ಲೇ ನಿಂತು ಓದುತ್ತಾರೆ. ಈ ಕಾಯಿಲೆ ಹರಡುವ ಉಣುಗು (ಉಣ್ಣೆ) ಕಚ್ಚದ ಹಾಗೆ ಡೇಪಾ ಎಣ್ಣೆ ಎಲ್ಲೆಲ್ಲಿ ಹಚ್ಚಬೇಕು ಅಂತ ಕೇಳುತ್ತಾರೆ. ಅದೇ ಕೈಗೆ ಬಿಳಿಸೆರಗಿನ ಬಗ್ಗೆ ಒಂದು ಹಾಳೆ ಕೊಟ್ಟು ನೋಡಿ. ನಾಲ್ಕು ಮಡಿಕೆಯಾಗಿ ಚೀಲದ ತಳ ಸೇರುತ್ತದೆ. ಇಲ್ಲವೇ ತಕರಾರು ಶುರುವಾಗುತ್ತದೆ.

‘ನನಗೆ ನಾಚಿಕೆ ಆಗುತ್ತೆ’ ಅಂತ ಮಾತ್ರ ಯಾರೂ ಹೇಳುವುದಿಲ್ಲ. ‘ಚಿತ್ರ ಸರಿಯಿಲ್ಲ ಮೇಡಂ’, ‘ಅಕ್ಷರ ಸಣ್ಣದಾಯ್ತು’, ‘ಇದೆಲ್ಲ ಬೆಂಗಳೂರಿನವರಿಗೆ’ ಅನ್ನುತ್ತಾರೆ. ಹೀಗನ್ನುವವರಲ್ಲಿ ಓದಿಕೊಂಡವರೇ ಜಾಸ್ತಿ. ಆರೋಗ್ಯ ಸಿಬ್ಬಂದಿ ಅದನ್ನು ನಂಬಿ ಚಿತ್ರ ತೆಗೆಯುತ್ತಾರೆ, ಅಂಗಗಳ ಹೆಸರು ತೆಗೆಯುತ್ತಾರೆ. ಕೊನೆಗೆ ಉಳಿಯುವುದು ‘ಗುಪ್ತಾಂಗದ ಸ್ವಚ್ಛತೆ ಕಾಪಾಡಿ’ ಅನ್ನುವ ಒಂದು ಸಾಲು.

ಈ ಸಾಲಿನಿಂದ ತೊಂದರೆಯೇ ಆಗುತ್ತದೆ. ಸ್ವಚ್ಛತೆ ಅಂದರೆ ಒಳಗೂ ತೊಳೆಯಬೇಕು ಅಂದುಕೊಂಡು ಸೋಪು, ಆಂಟಿಸೆಪ್ಟಿಕ್ ನೀರು ಹಾಕಿಕೊಳ್ಳುತ್ತಾರೆ. ಯೋನಿಯ ಒಳಗೆ ನಮ್ಮನ್ನು ಕಾಯುವ ಬ್ಯಾಕ್ಟೀರಿಯಾ ಇರುತ್ತವೆ. ಅವು ಕಡಿಮೆಯಾದರೆ ಸೋಂಕು ಹೆಚ್ಚುತ್ತದೆ, ಬಿಳಿಸೆರಗೂ ಹೆಚ್ಚುತ್ತದೆ. ಆಗ ಇನ್ನಷ್ಟು ತೊಳೆಯುತ್ತಾರೆ! ಒಳಭಾಗ ತನ್ನಷ್ಟಕ್ಕೆ ತಾನೇ ಶುಚಿಯಾಗುತ್ತದೆ, ಹೊರಗೆ ಬರೀ ನೀರು ಸಾಕು. ಒಳಗೆ ಯಾವುದು, ಹೊರಗೆ ಯಾವುದು ಅಂತ ತೋರಿಸಲು ಚಿತ್ರ ಬೇಕು. ತೆಗೆಸಿದ್ದೂ ಅದನ್ನೇ.

ಎಚ್‌ಪಿವಿ ಅನ್ನುವ ವೈರಸ್ ತಡೆಯುವ ಲಸಿಕೆಯ ವಿಚಾರದಲ್ಲೂ ಹೀಗೇ. ಗರ್ಭಕಂಠದ ಕ್ಯಾನ್ಸರ್ ತಡೆಯುತ್ತದೆ ಅಂದರೆ ತಾಯಂದಿರು ತಲೆಯಾಡಿಸುತ್ತಾರೆ. ‘9ರಿಂದ 14 ವರ್ಷದೊಳಗೇ ಯಾಕೆ? ಇನ್ನೂ ಮಗು ಅಲ್ವಾ?’ ಅಂದ ಕೂಡಲೇ ನಮ್ಮವರು ತಡವರಿಸುತ್ತಾರೆ. ಆ ವೈರಸ್ ಹರಡುವುದು ಲೈಂಗಿಕ ಸಂಪರ್ಕದಿಂದ; ಅದು ದೇಹ ಸೇರುವ ಮೊದಲೇ ಲಸಿಕೆ ಹಾಕಿದರೆ ಹೆಚ್ಚು ಪ್ರಯೋಜನ. ಸುತ್ತಿಬಳಸದೆ ಇಷ್ಟು ಹೇಳಿದರೆ ಎಷ್ಟೋ ಸಲ ಅಜ್ಜಿಯರೇ ಮೊದಲು ಒಪ್ಪುತ್ತಾರೆ.

ಜಾಗವೂ ಮುಖ್ಯ. ಸಭೆಯಲ್ಲಿ ಬಾಯಿ ಬಿಡದವರು ಅಡಿಕೆ ಸುಲಿಯುವಾಗ ಮಾತಾಡುತ್ತಾರೆ. ಕೈ ಮೆಟ್ಟುಗತ್ತಿಯ ಹತ್ತಿರ, ಕಣ್ಣು ಅಡಿಕೆಯ ಮೇಲೆ. ಯಾರ ಮುಖವನ್ನೂ ನೋಡಬೇಕಿಲ್ಲ. ‘ಪಕ್ಕದ ಮನೆಯವಳಿಗೆ ಹೀಗಾಗ್ತಿದೆಯಂತೆ’ ಅಂತ ಶುರುವಾಗುತ್ತದೆ. ಯಾವ ಪಕ್ಕದ ಮನೆ ಅಂತ ಕೇಳಬಾರದು. ಸುಮ್ನೆ ಉತ್ತರ ಹೇಳಬೇಕು, 30 ದಾಟಿದ್ದರೆ ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳಲು ಹೇಳಿ ಅನ್ನಬೇಕು.

ಆಶಾ ಕಾರ್ಯಕರ್ತೆಯರಿಗೆ ನಾನು ಹೇಳುವುದಿಷ್ಟೇ. ಹಾಳೆ ಹಂಚಿ ಎಲ್ಲರೆದುರು ‘ಹೇಗಿದೆ?’ ಅಂತ ಕೇಳಬೇಡಿ. ಒಬ್ಬೊಬ್ಬರೇ ಸಿಕ್ಕಾಗ ‘ಏನು ಅರ್ಥವಾಯ್ತು? ಇನ್ಮೇಲೆ ಹೇಗೆ ಮಾಡ್ತೀರಿ?’ ಅಂತ ಕೇಳಿ. ಚಿತ್ರ ಬದಲಿಸಬೇಕೋ ಬೇಡವೋ ಆಮೇಲೆ ನೋಡೋಣ.