ನಾಲಿಗೆಯ ಕೆಳಗಿನ ನೆರಿಗೆ

ಹಾಸಿಗೆಯ ಮೇಲಿನ ಬೆಡ್‌ಶೀಟನ್ನು ನಡುವೆ ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆತ್ತಿ ನೋಡಿ. ಒಂದು ನೆರಿಗೆ ಎದ್ದು ನಿಲ್ಲುತ್ತದೆ. ಕೈಬಿಟ್ಟರೆ ಮಾಯವಾಗುತ್ತದೆ. ಆ ನೆರಿಗೆ ಮೊದಲು ಎಲ್ಲಿತ್ತು? ಎಲ್ಲೂ ಇರಲಿಲ್ಲ. ನೀವು ಎತ್ತಿದ್ದಕ್ಕೆ ಹುಟ್ಟಿತು, ಅಷ್ಟೆ.

ನಾಲಿಗೆಯ ಕೆಳಗೆ ಕಾಣುವ ದಾರದಂಥ ಎಳೆಯೂ ಹಾಗೆಯೇ. ಡಾಕ್ಟರುಗಳು ಅದನ್ನು ಫ್ರೆನುಲಮ್ ಅನ್ನುತ್ತಾರೆ. ಅದು ನಾಲಿಗೆಯನ್ನು ತಳಕ್ಕೆ ಕಟ್ಟಿಹಾಕಿದ ಒಂದು ದಾರ ಎಂದೇ ಬಹಳ ಕಾಲ ಎಲ್ಲರೂ ನಂಬಿದ್ದರು. 2019ರಲ್ಲಿ ನ್ಯೂಜಿಲೆಂಡಿನ ಕಿವಿ-ಮೂಗು-ಗಂಟಲು ತಜ್ಞೆ ನಿಕಿ ಮಿಲ್ಸ್ ಮತ್ತು ಸಂಗಡಿಗರು ಮೃತದೇಹಗಳಲ್ಲಿ ಆ ಜಾಗವನ್ನು ಪದರ ಪದರವಾಗಿ ಬಿಡಿಸಿ ನೋಡಿದರು. ದಾರ ಸಿಗಲೇ ಇಲ್ಲ! ಸಿಕ್ಕಿದ್ದು ಬಾಯಿಯ ತಳದ ತುಂಬ ಹರಡಿದ್ದ ಒಂದು ತೆಳು ಹಾಳೆ. ಅದು ಕೆಳದವಡೆಯ ಒಳಬದಿಯಿಂದ ನಾಲಿಗೆಯ ಅಡಿಯವರೆಗೆ ಚಾಚಿಕೊಂಡಿರುತ್ತದೆ. ನಾಲಿಗೆ ಮೇಲೆದ್ದಾಗ ಈ ಹಾಳೆ ಬಿಗಿದು ನಡುವೆ ಮಡಿಕೆ ಬೀಳುತ್ತದೆ. ನಮ್ಮ ಕಣ್ಣಿಗೆ ಅದು ದಾರದಂತೆ ಕಾಣುತ್ತದೆ.

ನನಗೆ ಈ ಸಂಗತಿ ತುಂಬ ಇಷ್ಟ. ಯಾಕೆಂದರೆ ಇದೊಂದು ಗೊತ್ತಾದರೆ ಎಷ್ಟೋ ಗಾಬರಿ ಕಡಿಮೆಯಾಗುತ್ತದೆ. ಮೊಬೈಲ್ ಟಾರ್ಚ್ ಹಾಕಿ ಮಗುವಿನ ಬಾಯೊಳಗೆ ಇಣುಕಿ, "ಅಯ್ಯೋ, ನಾಲಿಗೆ ಅಂಟಿಕೊಂಡಿದೆ" ಎಂದು ಹೆದರುವ ಅಪ್ಪ ಅಮ್ಮಂದಿರು ಈಗ ಜಾಸ್ತಿ. ನೆರಿಗೆ ಎಲ್ಲರಿಗೂ ಇದೆ, ನಿಮಗೂ ಇದೆ, ನನಗೂ ಇದೆ. ಆ ಹಾಳೆ ಎಷ್ಟು ಬಿಗಿ, ನಾಲಿಗೆಯ ತುದಿಗೆ ಎಷ್ಟು ಹತ್ತಿರ ಅಂಟಿದೆ, ಅದರಿಂದ ನಾಲಿಗೆಯ ಕೆಲಸ ಕೆಡುತ್ತಿದೆಯೇ ಅನ್ನುವುದು ಮುಖ್ಯ. ಕೆಲಸ ಕೆಟ್ಟಾಗ ಮಾತ್ರ ಅದು ಟಂಗ್ ಟೈ, ಅಂದರೆ ನಾಲಿಗೆ ಕಟ್ಟು. ಬಿಗಿ ಇರುವಂತೆ ಕಾಣುವ ಕೂಸುಗಳಲ್ಲೂ ಹಾಲು ಕುಡಿಯಲು ಕಷ್ಟಪಡುವವು ಅರ್ಧಕ್ಕಿಂತ ಕಡಿಮೆ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2024ರಲ್ಲಿ ಹೇಳಿದೆ.

ಹುಟ್ಟಿದ ಕೂಸಿನ ನಾಲಿಗೆಗೆ ಒಂದೇ ದೊಡ್ಡ ಕೆಲಸ, ಹಾಲು ಕುಡಿಯುವುದು. ಕೂಸು ಮೊಲೆಯನ್ನು ಹಿಂಡಿ ಹಾಲು ಕರೆದುಕೊಳ್ಳುತ್ತದೆ ಎಂದು ನಾವು ಅಂದುಕೊಂಡಿದ್ದೇವೆ, ಹಸು ಕರೆದ ಹಾಗೆ. ಆದರೆ 2008ರಲ್ಲಿ ಆಸ್ಟ್ರೇಲಿಯಾದ ಡೋನಾ ಗೆಡ್ಸ್ ತಂಡ ಅಲ್ಟ್ರಾಸೌಂಡಿನಲ್ಲಿ ಕಂಡದ್ದು ಬೇರೆ. ನಾಲಿಗೆ ಕೆಳಗಿಳಿದಾಗ ಹಾಲು ಹರಿಯುತ್ತದೆ. ನಾಲಿಗೆ ಇಳಿದರೆ ಬಾಯೊಳಗಿನ ಜಾಗ ಹಿಗ್ಗುತ್ತದೆ, ಒತ್ತಡ ಕುಸಿಯುತ್ತದೆ, ಹಾಲು ಒಳಗೆ ನುಗ್ಗುತ್ತದೆ. ಸಿರಿಂಜಿನ ಹಿಡಿ ಹಿಂದಕ್ಕೆಳೆದಾಗ ಔಷಧಿ ಏರುವುದು ಹೀಗೆಯೇ. ಎಳನೀರಿಗೆ ಸ್ಟ್ರಾ ಹಾಕಿ ಹೀರುವಾಗ ನಿಮ್ಮ ನಾಲಿಗೆ ಮಾಡುವುದೂ ಇದನ್ನೇ.

ಇನ್ನೂ ಸರಿಯಾದ ಹೋಲಿಕೆ ಬೇಕಾದರೆ ಹಳ್ಳಿಯ ಕೈಪಂಪು ನೆನಪಿಸಿಕೊಳ್ಳಿ. ಒಳಗಿನ ವಾಷರ್ ಸವೆದರೆ ಏನಾಗುತ್ತದೆ? ಹಿಡಿ ಜಗ್ಗಿ ಜಗ್ಗಿ ಕೈ ಸೋಲುತ್ತದೆ, ಸದ್ದು ಬರುತ್ತದೆ, ನೀರು ಬರುವುದಿಲ್ಲ. ಕೂಸಿನ ನಾಲಿಗೆಯೇ ಇಲ್ಲಿ ವಾಷರ್. ಅದು ಕೆಳವಸಡನ್ನು ದಾಟಿ ಮುಂದೆ ಬಂದು, ಮೊಲೆಯ ಕೆಳಗೆ ಬಟ್ಟಲಿನಂತೆ ಹರಡಿ, ಗಾಳಿಯಾಡದಂತೆ ಮುಚ್ಚಬೇಕು. ನಾಲಿಗೆ ಹಿಂದೆಯೇ ಉಳಿದರೆ ಗಾಳಿ ಸೋರಿ 'ಟಕ್ ಟಕ್' ಎಂದು ಸದ್ದಾಗುತ್ತದೆ. ಮೆತ್ತೆಯಂತೆ ಅಡ್ಡ ನಿಲ್ಲಬೇಕಾದ ನಾಲಿಗೆ ಇಲ್ಲದೆ ವಸಡು ನೇರ ಮೊಲೆತೊಟ್ಟನ್ನೇ ಕಚ್ಚುತ್ತದೆ. ಹಾಲು ಕುಡಿಸಿದ ಮೇಲೆ ತೊಟ್ಟು ಲಿಪ್‌ಸ್ಟಿಕ್ ತುದಿಯಂತೆ ಓರೆಯಾಗಿ ಚಪ್ಪಟೆಯಾಗಿರುವುದು ಇದಕ್ಕೇ.

ಹಾಗಾಗಿ ಗುರುತು ಹುಡುಕುವಾಗ ತಾಯಿಯನ್ನೂ ಕೇಳಬೇಕು. ಪ್ರತಿ ಸಲವೂ ಜೀವ ಹೋಗುವಷ್ಟು ನೋವೇ? ತೊಟ್ಟು ಬಿರುಕು ಬಿಟ್ಟಿದೆಯೇ? ಕೂಸು ಗಂಟೆಗಟ್ಟಲೆ ಮೊಲೆಯಲ್ಲೇ ಇದ್ದೂ ಹಸಿದೇ ಇರುತ್ತದೆಯೇ? ಅತ್ತಾಗ ನಾಲಿಗೆ ಮೇಲೇಳುತ್ತದೆಯೇ? ಚಾಚಿದರೆ ತುದಿ ನಡುವೆ ಸೀಳಿದಂತೆ, ಹೃದಯದ ಆಕಾರದಲ್ಲಿ ಕಾಣುತ್ತದೆಯೇ? ತೂಕ ಹೇಗಿದೆ? ಹುಟ್ಟಿದ ಮೊದಲ ದಿನಗಳಲ್ಲಿ ಕೂಸಿನ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಮರಳಿ ಬರಬೇಕು. ಬಾಣಂತಿಗೆ "ನಿನಗೆ ಹಾಲೇ ಸಾಲದು" ಎಂದು ಸುಮ್ನೆ ಹೇಳಿಬಿಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಪಂಪು ಕೆಟ್ಟಿದ್ದರೆ ಬಾವಿಯನ್ನು ಬೈದು ಏನು ಪ್ರಯೋಜನ?

ಆದರೆ ಕತ್ತರಿಗೆ ಕೈ ಹಾಕುವ ಮೊದಲು ಕೂಸನ್ನು ಹಿಡಿಯುವ ರೀತಿ, ಬಾಯಿ ಅಗಲ ತೆರೆಸಿ ಮೊಲೆ ಕೊಡುವ ರೀತಿ ಸರಿಪಡಿಸಬೇಕು. ಇದನ್ನು ಬಲ್ಲ ನರ್ಸ್ ಅಥವಾ ಸ್ತನ್ಯಪಾನ ಸಲಹೆಗಾರರು ಹತ್ತಿರ ಕೂತು ಒಂದು ಸಲ ಹಾಲೂಡಿಸುವುದನ್ನು ಪೂರ್ತಿ ನೋಡಬೇಕು. ಎಷ್ಟೋ ತಾಯಂದಿರ ನೋವು ಅಲ್ಲಿಗೇ ನಿಲ್ಲುತ್ತದೆ.

ನಿಲ್ಲದಿದ್ದರೆ ಆ ನೆರಿಗೆಯನ್ನು ಕತ್ತರಿಸುವುದು. ಇದು ಹಳೆಯ ಕೆಲಸ. 18ನೇ ಶತಮಾನದ ಯೂರೋಪಿನಲ್ಲಿ ಸೂಲಗಿತ್ತಿಯರು ಒಂದು ಬೆರಳಿನ ಉಗುರನ್ನು ಇದಕ್ಕೆಂದೇ ಚೂಪಾಗಿ ಬೆಳೆಸುತ್ತಿದ್ದರಂತೆ. ನಮ್ಮ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಗ್ರೂವ್ಡ್ ಡೈರೆಕ್ಟರ್ ಎಂಬ ಉಪಕರಣ ನೋಡುತ್ತಾರೆ. ಅದರ ಅಗಲ ಹಿಡಿಯಲ್ಲೊಂದು ಸೀಳು ಇರುತ್ತದೆ, ಈ ನೆರಿಗೆಯನ್ನು ಸಿಕ್ಕಿಸಿ ನಾಲಿಗೆ ಎತ್ತಿಹಿಡಿಯಲು. ಎಳೆಗೂಸಿಗೆ ಕೆಲವೇ ಸೆಕೆಂಡುಗಳ ಕೆಲಸ. ಒಂದೆರಡು ಹನಿ ರಕ್ತ ಬರುತ್ತದೆ, ಕೂಡಲೇ ಮೊಲೆಗೆ ಹಾಕಬಹುದು. ನಂತರ ಅಲ್ಲಿ ಬಿಳಿ ಅಥವಾ ಹಳದಿ ಮಚ್ಚೆ ಕಾಣುತ್ತದೆ. ಅದು ಕೀವಲ್ಲ, ಗಾಯ ಮಾಯುವ ಬಗೆ. ಹುಟ್ಟಿದಾಗ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟಿದ್ದಾರೆಯೇ ಎಂದು ಮೊದಲೇ ಕೇಳಿಕೊಳ್ಳಿ, ರಕ್ತ ಹೆಪ್ಪುಗಟ್ಟಲು ಅದು ಬೇಕು. ಮಿಲ್ಸ್ ತಂಡ ಇನ್ನೊಂದನ್ನೂ ತೋರಿಸಿತು. ನಾಲಿಗೆಗೆ ಸ್ಪರ್ಶಜ್ಞಾನ ಕೊಡುವ ನರದ ಕವಲುಗಳು ಆ ಹಾಳೆಯ ಕೆಳಗೇ ಹಾದುಹೋಗುತ್ತವೆ. ಆಳಕ್ಕೆ ಕತ್ತರಿಸಿದಷ್ಟೂ ಒಳ್ಳೆಯದು ಅನ್ನುವ ಮಾತು ನಂಬಬೇಡಿ. ಲೇಸರ್ ಅಂದಮಾತ್ರಕ್ಕೆ ಹೆಚ್ಚು ಒಳ್ಳೆಯದು ಎಂದೂ ಅಲ್ಲ.

ಫಲ ಎಷ್ಟು? ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2017ರ ವಿಮರ್ಶೆ 5 ಪ್ರಯೋಗಗಳ 302 ಕೂಸುಗಳ ವಿವರ ಒಟ್ಟುಗೂಡಿಸಿತು. ತಾಯಿಯ ನೋವು ಸ್ವಲ್ಪ ಕಾಲದ ಮಟ್ಟಿಗೆ ಕಡಿಮೆಯಾಗಿತ್ತು. ಮಗು ಹಾಲು ಕುಡಿಯುವುದು ಎಲ್ಲ ಪ್ರಯೋಗಗಳಲ್ಲೂ ಒಂದೇ ಸಮ ಸುಧಾರಿಸಿರಲಿಲ್ಲ.

ಲಿಪ್ ಟೈ ಬಗ್ಗೆ ಎರಡೇ ಮಾತು. ಮೇಲ್ದುಟಿ ಎತ್ತಿದರೆ ವಸಡಿಗೆ ಅಂಟಿದ ಎಳೆ ಹೆಚ್ಚುಕಡಿಮೆ ಎಲ್ಲ ಕೂಸುಗಳಿಗೂ ಕಾಣುತ್ತದೆ. ದವಡೆ ಬೆಳೆದಂತೆ ಅದು ಮೇಲೆ ಸರಿಯುತ್ತದೆ. ಹಾಲುಹಲ್ಲುಗಳ ನಡುವಿನ ಸಂದಿಗೆ ಹೆದರಿ ತುಟಿಯ ಎಳೆ ಕತ್ತರಿಸಬೇಡಿ. ಶಾಶ್ವತ ಕೋರೆಹಲ್ಲು ಬರುವ 11-12ನೇ ವಯಸ್ಸಿಗೆ ಎಷ್ಟೋ ಸಂದಿಗಳು ತಾವೇ ಮುಚ್ಚುತ್ತವೆ.

ಇನ್ನು ನನ್ನನ್ನು ಹೆಚ್ಚು ಕಾಡುವ ವಿಷಯ, ಮಾತು. ಮಗು ಮಾತಾಡಲು ತಡ ಮಾಡಿದರೆ ನಮ್ಮಲ್ಲಿ ತಕ್ಷಣ "ನಾಲಿಗೆ ಹೊರಳುತ್ತಿಲ್ಲ" ಅನ್ನುತ್ತಾರೆ. ಬಜೆ ತೇದು ಜೇನಿನಲ್ಲಿ ಕಲಸಿ ನೆಕ್ಕಿಸುತ್ತಾರೆ. ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು. ಅದರಲ್ಲಿರಬಹುದಾದ ಬೊಟುಲಿಸಮ್ ಬ್ಯಾಕ್ಟೀರಿಯಾದ ಬೀಜಕಣಗಳು ಅಷ್ಟು ಎಳೆಯ ಕರುಳಿನಲ್ಲಿ ಮೊಳೆತು ವಿಷವಾಗಬಹುದು.

ಸ್ವಲ್ಪ ಯೋಚಿಸಿ. ಅಮ್ಮ, ಅಪ್ಪ, ಬಾ, ಪಾಪು. ಇವನ್ನು ಹೇಳಲು ನಾಲಿಗೆಯ ತುದಿ ಬೇಕೇ? ತುಟಿ ಸಾಕು. ಕಾಕ ಎನ್ನಲು ನಾಲಿಗೆಯ ಹಿಂಭಾಗ ಸಾಕು. ಎರಡು ವರ್ಷದ ಮಗು ಇವನ್ನೂ ಹೇಳದಿದ್ದರೆ ತಪ್ಪು ನಾಲಿಗೆಯ ನೆರಿಗೆಯದಲ್ಲ. ಬಿಗಿ ನಾಲಿಗೆ ಕೆಡಿಸುವುದಾದರೆ ಕೆಲವು ಅಕ್ಷರಗಳ ಸ್ಪಷ್ಟತೆಯನ್ನು ಕೆಡಿಸೀತು. ಕಲೆ ಅನ್ನಿ, ಕಳೆ ಅನ್ನಿ. ಎರಡನೆಯದಕ್ಕೆ ತುದಿ ಮೇಲೆದ್ದು ಹಿಂದಕ್ಕೆ ಮಡಚಬೇಕು. ಅಲ್ಲಿ ಬಿಗಿ ಅಡ್ಡ ಬರಬಹುದು. ಆದರೂ ಬಾಳೆಹಣ್ಣಿಗೆ 'ಬಾಲೆಹಣ್ಣು' ಅನ್ನುವ ಎಷ್ಟೋ ಮಂದಿಯ ನಾಲಿಗೆ ಪೂರ್ತಿ ಸಡಿಲವಾಗಿಯೇ ಇರುತ್ತದೆ. ಅವರು ಕೇಳಿ ಕಲಿತದ್ದೇ ಹಾಗೆ.

ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವೈದ್ಯಗ್ರಂಥಕಾರ ಸೆಲ್ಸಸ್ ಈ ಶಸ್ತ್ರಚಿಕಿತ್ಸೆಯನ್ನು ವಿವರಿಸಿ, ತಾನು ಕಂಡ ಒಬ್ಬನ ಕಥೆ ಬರೆದಿಟ್ಟ. ಕತ್ತರಿಸಿದ ಮೇಲೆ ಆ ಮನುಷ್ಯ ನಾಲಿಗೆಯನ್ನು ಹಲ್ಲಿನಾಚೆ ಚೆನ್ನಾಗಿ ಚಾಚುತ್ತಿದ್ದ. ಮಾತು ಮಾತ್ರ ಬರಲಿಲ್ಲ. ಮಾತು ಮೊದಲು ಕಿವಿಯಿಂದ ಒಳಗೆ ಹೋಗಬೇಕು, ಅಲ್ವಾ? ಇಂದು ಮಲಗಿದ ಕೂಸಿನ ಕಿವಿಗೊಂದು ಪುಟ್ಟ ಸಾಧನ ಇಟ್ಟು ಕೆಲವೇ ನಿಮಿಷದಲ್ಲಿ ನೋವಿಲ್ಲದೆ ಶ್ರವಣ ಪರೀಕ್ಷೆ ಮಾಡುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯನ್ನೂ ಮಾತನ್ನೂ ಒಂದೇ ಕಡೆ ನೋಡುತ್ತಾರೆ. ಮಗು ಮಾತಾಡುತ್ತಿಲ್ಲ ಎಂದು ಕತ್ತರಿ ಹುಡುಕಿಕೊಂಡು ಹೊರಟವರು ಮೊದಲು ಆ ಪರೀಕ್ಷೆ ಮಾಡಿಸಿ.